ಮೂರನೇ ಇಯತ್ತೆಯ ಧ್ವನಿ

ನಮ್ಮ ಕನ್ನಡ ಶಾಲೆಗೆ ಟಿವಿ ಪರದೆಗಳು ಬಂದ ವರ್ಷ ನಾನು ಎರಡನೇ ಇಯತ್ತೆಗೆ ಪಾಠ ಹೇಳುತ್ತಿದ್ದೆ. ಪುಣೆಯ ಹಳೇ ಪೇಟೆಯೊಂದರಲ್ಲಿ ಕೆಳಗೆ ಅಂಗಡಿಗಳು, ಮೇಲೆ ಶಾಲೆ. ಒಂದು ಕಾಲದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ವ್ಯಾಪಾರಿಗಳ ಮಕ್ಕಳಿಂದ ತುಂಬಿರುತ್ತಿತ್ತಂತೆ. ನಾನು ಸೇರುವ ಹೊತ್ತಿಗೆ ಅವರೆಲ್ಲ ಇಂಗ್ಲಿಷ್ ಶಾಲೆಗಳ ದಾರಿ ಹಿಡಿದಾಗಿತ್ತು. ಉಳಿದವರು ಉಡುಪಿ ಹೋಟೆಲುಗಳ ಅಡುಗೆಯವರ ಮಕ್ಕಳು, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ ಕಡೆಯವರ ಮಕ್ಕಳು. ತರಗತಿಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ.

ಮೂರನೇ ಇಯತ್ತೆ ದೊಡ್ಡಕ್ಕೋರದು. ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ; ಎಲ್ಲರಿಗಿಂತ ಹಿರಿಯರಾದ್ದರಿಂದ ಅವರು ದೊಡ್ಡಕ್ಕೋರು. ರೈಲ್ವೆಯಲ್ಲಿದ್ದ ಗಂಡ ತೀರಿಹೋಗಿದ್ದರು. ಇವರು ದಿನಾ ದೌಂಡ ಊರಿನಿಂದ ರೈಲುಗಾಡಿಯಲ್ಲಿ ಬರುತ್ತಿದ್ದರು. ಸಣ್ಣ ಮೈ, ಆದರೆ ಧ್ವನಿ ರಸ್ತೆಯ ರಿಕ್ಷಾಗಳನ್ನೂ ಮೀರಿಸುವಂಥದ್ದು.

ಪರದೆಗಳ ತರಬೇತಿ ನಿಗಡಿಯಲ್ಲಿ ನಡೆಯಿತು, ಎಲ್ಲವೂ ಮರಾಠಿಯಲ್ಲಿ. ಹೊಸ ಪದ್ಧತಿಯಲ್ಲಿ ಮಕ್ಕಳು ನೋಡಿ ಕೇಳಿ ಕಲಿಯುತ್ತಾರೆ, ಶಿಕ್ಷಕರು ಬರೀ ಜೊತೆಗಿದ್ದರೆ ಸಾಕು ಎಂದರು. ತರಬೇತಿ ಕೊಡುವವರಲ್ಲಿ ಒಬ್ಬ ಬೆಂಗಳೂರಿನ ಹುಡುಗನಿದ್ದ, ಮಗರಪಟ್ಟಾದಲ್ಲಿ ಅವನ ಆಫೀಸು. ನಮ್ಮ ಮಾತು ಕೇಳಿ ತಾನಾಗಿ ಬಂದ.

"ಪಾಠಗಳು ಮರಾಠಿ, ಹಿಂದಿ, ಇಂಗ್ಲಿಷ್‌ನಲ್ಲಿ ಇದೆ ಮೇಡಂ. ಕನ್ನಡ ಇನ್ನೂ ಮಾಡಿಲ್ಲ," ಎಂದ.

"ಹಂಗಾರ ನಮ್ಮ ಹುಡುಗರು ಬರೀ ಚಿತ್ರಾ ನೋಡ್ಕೋತ ಕೂಡಬೇಕೇನ್ರಿ?" ದೊಡ್ಡಕ್ಕೋರು ಕೇಳಿದರು.

"ನೀವೇ ವಾಯ್ಸ್ ರೆಕಾರ್ಡ್ ಮಾಡಿ ಕಳಿಸಿದ್ರೆ ಚಿತ್ರಕ್ಕೆ ನಾನು ಸೇರಿಸಿಕೊಡ್ತೀನಿ."

ದೊಡ್ಡಕ್ಕೋರಿಗೆ ಮನಸ್ಸಿರಲಿಲ್ಲ. "ನಾ ಇಲ್ಲೇ ನಿಂತಿರ್ತೀನಿ, ಮತ್ತ ಪರದ್ಯಾಗ ಯಾಕ?" ಎಂದು ವಾರವಿಡೀ ಗೊಣಗಿದರು. ಹೆಡ್ ಸರ್ ಬಿಡಲಿಲ್ಲ. ಕೊನೆಗೆ ಶಾಲೆ ಬಿಟ್ಟ ಮೇಲೆ ಮೂರನೇ ಇಯತ್ತೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಧ್ವನಿ ಮುದ್ರಿಸತೊಡಗಿದೆವು. ಫೋನು ಹಿಡಿಯುವುದು ನನ್ನ ಕೆಲಸ.

ಕುರ್ಚಿಯಲ್ಲಿ ಕೂತು ಓದಿಬಿಡಿ ಎಂದರೆ ಅವರು ಒಪ್ಪಲಿಲ್ಲ. ಕರಿಹಲಗೆಯ ಮುಂದೆ ನಿಂತು, ಖಾಲಿ ಬೆಂಚುಗಳನ್ನು ಒಂದೊಂದಾಗಿ ನೋಡುತ್ತ ಪಾಠ ಹೇಳಿದರು. "ನೀರು ಬಿಸಿ ಆದ್ರ ಏನಾಗ್ತದ?" ಎಂದು ಕೇಳಿ ಸುಮ್ಮನೆ ನಿಲ್ಲುತ್ತಿದ್ದರು. ನನಗೇ ಬಾಯಿ ತೆರೆದು ಉತ್ತರ ಹೇಳಿಬಿಡಬೇಕು ಅನ್ನಿಸುವಷ್ಟು ಹೊತ್ತು. ಆಮೇಲೆ ಯಾರೋ ಹೇಳಿದ್ದನ್ನು ಕೇಳಿಸಿಕೊಂಡವರಂತೆ ತಲೆಯಾಡಿಸಿ, "ಹಾಂ, ಬರೋಬ್ಬರಿ," ಎಂದು ಮುಂದಕ್ಕೆ ಹೋಗುವರು. ಎಷ್ಟೋ ಪಾಠಗಳ ನಡುವೆ, "ಕಿಡಕಿ ಕಡೆ ಕೂತಾಕಿ, ಇತ್ತ ನೋಡು," ಎನ್ನುತ್ತಿದ್ದರು. ಮೊದಲ ಸಲ ನನ್ನ ಕತ್ತು ತಾನಾಗಿ ಅತ್ತ ಹೊರಳಿತು. ಬೆಂಚಿನ ಮೇಲೆ ಸಂಜೆಯ ಬಿಸಿಲು ಮಾತ್ರ ಇತ್ತು.

ಮಧ್ಯದ ಮೌನವನ್ನೆಲ್ಲ ಕತ್ತರಿಸಿಬಿಡಲೇ ಎಂದು ಬೆಂಗಳೂರಿನ ಹುಡುಗ ಕೇಳಿದ್ದಕ್ಕೆ ಅವರು, "ಬ್ಯಾಡಪಾ. ಅವರು ಹೇಳೂತನಕಾ ನಾ ಮುಂದ ಹೆಂಗ ಹೋಗ್ಲಿ?" ಎಂದರು.

ಆ ಬೇಸಿಗೆ ರಜೆಯಲ್ಲಿ ದೊಡ್ಡಕ್ಕೋರು ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ನಾವು ದೌಂಡಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜೂನಿನಲ್ಲಿ ಶಾಲೆ ತೆರೆದಾಗ ಹೆಡ್ ಸರ್ ನನ್ನನ್ನು ಕರೆದರು. "ಮಕ್ಕಳು ಕಡಿಮಿ ಅದಾರಂತ ಹೊಸಬರನ್ನ ಕೊಡೂದಿಲ್ಲ ಅಂದಾರ. ಎರಡೂ ಇಯತ್ತೆ ನೀವ ನೋಡ್ಕೋರಿ. ಮೂರನೇದಕ್ಕ ಅಕ್ಕೋರ ಪಾಠ ಅದಾವಲ್ಲ, ಹಚ್ಚಿಬಿಡ್ರಿ."

"ಹೋದವರ ಧ್ವನಿ ಸರ್. ಹುಡುಗರು ಅಂಜಿದ್ರ?"

"ಅಂಜಿದ್ರ ನೋಡೋಣು. ಪರದೆ ಹಚ್ಚದಿದ್ರ ಅದು ತಾನ ಮ್ಯಾಲಿನ ಆಫೀಸಿಗೆ ಸುದ್ದಿ ಕಳಸ್ತದ."

ಮಕ್ಕಳು ಅಂಜಲಿಲ್ಲ. ಅದೇ ನನ್ನನ್ನು ಅಂಜಿಸಿತು. ಪರದೆಯ ಮೇಲೆ ಮೋಡದ ಚಿತ್ರ ಮೂಡಿ ಧ್ವನಿ ಶುರುವಾಗುತ್ತಲೇ ಎಲ್ಲರೂ ಎದ್ದು ನಿಂತು, "ನಮಸ್ಕಾರ್ರೀ ಅಕ್ಕೋರ," ಎಂದರು. ಧ್ವನಿ ಅಷ್ಟು ಹೊತ್ತು ತಡೆದು, "ಕೂಡ್ರಿ," ಎಂದಿತು. ಕೂತರು. ನಾನು ಪಕ್ಕದ ಕೋಣೆಯಲ್ಲಿ ಎರಡನೆಯವರಿಗೆ ಮಗ್ಗಿ ಹೇಳಿಕೊಡುತ್ತಿದ್ದರೆ ಗೋಡೆಯಾಚೆಯಿಂದ ಪ್ರಶ್ನೆ, ಮಕ್ಕಳ ಒಕ್ಕೊರಲ ಉತ್ತರ, "ಹಾಂ, ಬರೋಬ್ಬರಿ". ಹಿಂದಿನ ವರ್ಷ ಕೇಳುತ್ತಿದ್ದ ಹಾಗೆಯೇ. ಕೆಲವು ದಿನ ನಾನೂ ಮರೆತುಬಿಡುತ್ತಿದ್ದೆ. ಊಟದ ಗಂಟೆಯಾದಾಗ ಡಬ್ಬಿ ಹಿಡಿದು ಆ ಬಾಗಿಲ ತನಕ ಹೋಗಿ ನಿಂತದ್ದೂ ಇದೆ.

ಮಳೆಗಾಲದಲ್ಲಿ ಹೊಸ ಹುಡುಗಿಯೊಬ್ಬಳು ಸೇರಿದಳು. ಅವಳ ತಂದೆತಾಯಿ ಹತ್ತಿರದಲ್ಲೇ ಏಳುತ್ತಿದ್ದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ದೊಡ್ಡಕ್ಕೋರನ್ನು ಅವಳು ಕಂಡವಳೇ ಅಲ್ಲ. ಕಿಟಕಿಯ ಬೆಂಚಿನಲ್ಲಿ ಜಾಗವಿತ್ತು, ಅಲ್ಲಿ ಕೂತಳು. ಮರುದಿನವೇ ನನ್ನ ಸೆರಗು ಹಿಡಿದು ಕೇಳಿದಳು:

"ಆ ಅಕ್ಕೋರು ನನ್ನ ಹೆಂಗ ನೋಡ್ತಾರ್ರಿ?"

ಅದು ಮೊದಲೇ ಮುದ್ರಿಸಿದ್ದು, ಅವರು ಈಗಿಲ್ಲ, ಎಲ್ಲ ವರ್ಷವೂ ಯಾರೋ ಒಬ್ಬರು ಕಿಟಕಿಯಾಚೆ ನೋಡೇ ನೋಡುತ್ತಾರೆ, ಅದಕ್ಕೇ ಹಾಗೆ ಹೇಳಿದ್ದಾರೆ ಎಂದೆಲ್ಲ ವಿವರಿಸಿದೆ. ಅವಳು ಗಮನವಿಟ್ಟು ಕೇಳಿದಳು.

"ಸತ್ತಾರಂತ ಗೊತ್ತದರಿ," ಎಂದಳು. "ಆದ್ರ ನೋಡ್ತಾರಲ್ರಿ."

ಅವಳು ಜಾಗ ಬದಲಿಸಿದಳು. ಆಮೇಲೆ ಆ ಬೆಂಚಿಗೆ ಯಾರೂ ಹೋಗಲಿಲ್ಲ. ಒಂದು ದಿನ ಸೀಮೆಸುಣ್ಣ ತರಲು ಬಾಗಿಲಿಗೆ ಬಂದವಳು ನೋಡಿದೆ: "ಕಿಡಕಿ ಕಡೆ ಕೂತಾಕಿ, ಇತ್ತ ನೋಡು," ಎಂದಿತು ಧ್ವನಿ. ಅಷ್ಟೂ ಮಕ್ಕಳು ಒಟ್ಟಿಗೆ ಆ ಖಾಲಿ ಬೆಂಚಿನತ್ತ ತಿರುಗಿದರು. ಅಲ್ಲಿ ಯಾರೋ ಮಾತು ಕೇಳಿ ಇತ್ತ ತಿರುಗಿದ್ದನ್ನು ಕಂಡವರಂತೆ ಸಮಾಧಾನವಾಗಿ ಮತ್ತೆ ಪರದೆಗೆ ಮುಖ ಮಾಡಿದರು.

ಪರದೆ ಯೋಜನೆಯ ತಪಾಸಣೆಗೆ ಒಬ್ಬ ಮರಾಠಿ ಅಧಿಕಾರಿಣಿ ಬಂದರು. ಕನ್ನಡ ಬಾರದು. ಹಿಂದೆ ಕೂಡುತ್ತೇನೆ ಎಂದವರು ನಾನು ತಡೆಯುವ ಮೊದಲೇ ಆ ಬೆಂಚಿನಲ್ಲೇ ಕೂತರು. ಪಾಠ ನಡೆಯುತ್ತಿರುವಾಗ ಅವರ ಕಣ್ಣು ಹೊರಗಿನ ಪಾರಿವಾಳಗಳ ಕಡೆ ಹೋಯಿತು. ಧ್ವನಿ ತನ್ನ ಮಾತು ಹೇಳಿತು. ಮಕ್ಕಳೆಲ್ಲ ಅವರತ್ತ ತಿರುಗಿದರು.

"ಕಾಯ್ ಮ್ಹಣಾಲ್ಯಾ ತ್ಯಾ?" ಅವರು ನನ್ನನ್ನು ಕೇಳಿದರು. ಏನಂದರು ಅವರು, ಎಂದು.

ಇತ್ತ ನೋಡಬೇಕಂತೆ ಎಂದು ಮರಾಠಿಯಲ್ಲಿ ಹೇಳಿದೆ. ಅವರು ನಕ್ಕರು, ನಗು ಅರ್ಧಕ್ಕೇ ನಿಂತಿತು. ಹೊರಗಿನವರಿದ್ದಾರೆಂಬ ಸಂಕೋಚಕ್ಕೆ ಮಕ್ಕಳು ಆ ದಿನ ಒಂದಕ್ಕೂ ಉತ್ತರ ಕೊಡಲಿಲ್ಲ. ಧ್ವನಿ ಒಂದು ಪ್ರಶ್ನೆ ಕೇಳಿ ಕಾದಿತು. ಕೋಣೆಯಲ್ಲಿ ಫ್ಯಾನಿನ ಸದ್ದು. ಎಂದಿನ "ಹಾಂ, ಬರೋಬ್ಬರಿ" ಬರಲಿಲ್ಲ.

"ಯಾಕ, ಇವತ್ತ ಯಾರೂ ಮಾತಾಡವಲ್ರಿ?" ಎಂದಿತು.

ಪ್ರತಿ ಪಾಠಕ್ಕೂ ಫೋನು ಹಿಡಿದವಳು ನಾನು. ಆ ಮಾತನ್ನು ನಾನು ಕೇಳಿರಲಿಲ್ಲ. ಅಧಿಕಾರಿಣಿ ತುಂಬ ಚೆನ್ನಾಗಿ ನಡೆದಿದೆ, ಎಲ್ಲ ಶಾಲೆಗಳಲ್ಲೂ ಹೀಗೇ ಆಗಬೇಕು ಎಂದು ಹೊಗಳಿ, ಚಹಾ ಕುಡಿಯದೆ ಹೊರಟುಹೋದರು.

ಬೆಂಗಳೂರಿನ ಹುಡುಗನಿಗೆ ಫೋನು ಮಾಡಿದೆ. ಅವನು ಆ ಪಾಠ ತೆಗೆದು ಕೇಳಿ ಸಂಜೆ ತಿರುಗಿ ಮಾಡಿದ.

"ಇದೆಯಲ್ಲ ಮೇಡಂ ಆ ಮಾತು. ನಾನೇನೂ ಸೇರಿಸಿಲ್ಲ."

"ನಾ ಅಲ್ಲೇ ಇದ್ದೆ. ಅವರು ಹಂಗ ಅಂದಿಲ್ಲ."

"ನೀವು ಇದ್ರಿ. ಅದಕ್ಕೆ ಸ್ವಲ್ಪ ಮುಂಚೆ ನೀವು ಕೆಮ್ಮಿದ್ದು ಕೇಳ್ಸುತ್ತೆ," ಎಂದ. ನಂತರ, "ಡಿಲೀಟ್ ಮಾಡ್ಲಾ?" ಎಂದು ಕೇಳಿದ. ಆಮೇಲೆ ಹೇಳುತ್ತೇನೆ ಎಂದು ಫೋನು ಇಟ್ಟೆ.

ನಾನು ಮರೆತಿರಬಹುದು. ಕೆಮ್ಮು ಬಂದಾಗ ಮನಸ್ಸು ಬೇರೆಡೆ ಹೋಗಿರಬಹುದು. ಹೀಗೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಮರುದಿನ ಮೂರನೆಯವರನ್ನೂ ನನ್ನ ಕೋಣೆಗೆ ಕರೆತಂದೆ. ಒಂದು ಸಾಲು ಎರಡನೆಯವರು, ಒಂದು ಸಾಲು ಇವರು. ಹೆಡ್ ಸರ್ ಬಂದು ನೋಡಿದರು. ಯಾಕೆಂದು ಕೇಳಲಿಲ್ಲ. "ಹುಡುಗರು ಎಲ್ಲೆರೆ ಕೂಡ್ಲಿ. ಆದ್ರ ಪರದೆ ಬಂದ್ ಆಗಬಾರದ್ರಿ. ಎಲ್ಲಾರಿಗಿಂತ ನಮ್ಮ ಶಾಲಿ ಮುಂದ ಅದ ಅಂತ ಹೇಳ್ಯಾರ," ಎಂದರು.

ಹೀಗಾಗಿ ದೊಡ್ಡಕ್ಕೋರ ಪಾಠ ದಿನಾ ಖಾಲಿ ಕೋಣೆಯಲ್ಲಿ ನಡೆಯಿತು. ಹೊತ್ತಿಗೆ ಸರಿಯಾಗಿ ಶಾಲೆಯ ಕಸ ಗುಡಿಸಿ ಗಂಟೆ ಬಾರಿಸುವ ಸಿಪಾಯಿಬಾಯಿ ಗುಂಡಿ ಒತ್ತಿ, ಒಳಗೆ ನಿಲ್ಲದೆ ಹೊರಬಂದು ಬಾಗಿಲು ಎಳೆದುಕೊಳ್ಳುತ್ತಿದ್ದಳು. ಗೋಡೆಯಾಚೆ ಪ್ರಶ್ನೆ, ಮೌನ, "ಹಾಂ, ಬರೋಬ್ಬರಿ". ಈಚೆ ನಾನು ಮಗ್ಗಿಯ ಸದ್ದು ಏರಿಸುತ್ತಿದ್ದೆ. ಮೂರನೆಯವರ ಸಾಲಿನಲ್ಲಿ ತುಟಿಗಳು ಮಾತ್ರ ಅಲುಗುತ್ತಿದ್ದವು, ಉತ್ತರಗಳು ಅವರಿಗೆ ಬರುತ್ತಿದ್ದವಲ್ಲ. ಎಷ್ಟು ಗದರಿಸಿದರೂ ಅದು ನಿಲ್ಲಲಿಲ್ಲ.

ದೀಪಾವಳಿಗೆ ಮುಂಚೆ ಕಟ್ಟಡದ ಕೆಲಸ ಮುಗಿದು ಆ ಹುಡುಗಿಯ ಮನೆಯವರು ಬೇರೆ ಊರಿಗೆ ಹೊರಟರು. ತಾಯಿ ಶಾಲೆ ಬಿಡುವ ದಾಖಲೆ ಪಡೆಯಲು ಬಂದಾಗ ಹುಡುಗಿ ಕಾಣಲಿಲ್ಲ. ಹುಡುಕುತ್ತ ಹೋದೆ. ಮೂರನೇ ಇಯತ್ತೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಿಂತಿದ್ದಳು. ಧ್ವನಿ ಬೀಜ ಮೊಳೆಯುವುದನ್ನು ಹೇಳುತ್ತಿತ್ತು.

"ನಾ ಹೊಂಟೀನ್ರಿ," ಎಂದಳು ಅವಳು ಪರದೆಯತ್ತ ನೋಡಿ. ಕೈ ಕಟ್ಟಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಲೆ ಬಗ್ಗಿಸಿ ಹೊರಬಂದು ಚಪ್ಪಲಿ ಮೆಟ್ಟಿಕೊಂಡಳು.

"ಏನಂದ್ರು?" ನಾನು ಕೇಳಿಬಿಟ್ಟೆ. ಕೇಳಬಾರದಿತ್ತು ಎಂದು ಆಗಲೇ ಅನ್ನಿಸಿತು.

"ಏನೂ ಅನ್ನಲಿಲ್ರಿ," ಎಂದಳು. "ಪಾಠಾ ನಡದಿತ್ತಲ್ರಿ."

ಅಷ್ಟು ಹೇಳಿ ತಾಯಿಯ ಹಿಂದೆ ಮೆಟ್ಟಿಲಿಳಿದು ಹೋದಳು. ನಾನು ಬಾಗಿಲು ಎಳೆದುಕೊಂಡು, ಗದ್ದಲ ಮಾಡುತ್ತಿದ್ದ ನನ್ನ ಎರಡು ಸಾಲುಗಳ ಕಡೆಗೆ ನಡೆದೆ.