ಪಾದ್ರಿಯ ದಿನಚರಿಯಲ್ಲಿ ಇಲ್ಲದ ಹೆಸರು

ಸತ್ತು ನೂರು ವರ್ಷ ದಾಟಿದ ಒಬ್ಬ ಪಾದ್ರಿಯ ಭೇದಿಯ ಬಗ್ಗೆ ಮಸ್ಕತ್ತಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಯಾವ ದಿನ ಎಷ್ಟು ಸಲ ಎಂಬುದನ್ನೂ ಹೇಳಬಲ್ಲೆ. ಕಳೆದ ವರ್ಷ ಆರು ತಿಂಗಳು ಅವನ ದಿನಚರಿಯನ್ನು ಟೈಪ್ ಮಾಡುವುದೇ ನನ್ನ ಕೆಲಸವಾಗಿತ್ತು.

ನಾನು ಇಲ್ಲಿಯ ರೂವಿ ಪೇಟೆಯ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಗುಮಾಸ್ತ. ನಮ್ಮ ಧಣಿ ಒಮಾನಿ. ಅವರ ಹಿರಿಯರು ಪೂರ್ವ ಆಫ್ರಿಕಕ್ಕೆ ಹೋಗಿ, ಆನೆದಂತದ ವ್ಯಾಪಾರ ಮಾಡಿ, ಅಲ್ಲೇ ಬೇರೂರಿ, ಎರಡು ಮೂರು ತಲೆಮಾರು ಕಳೆದು ತಿರುಗಿ ಬಂದವರು. ಐವತ್ತು ದಾಟಿದ ಮೇಲೆ ಧಣಿಗೆ ಮನೆತನದ ಇತಿಹಾಸ ಬರೆಸುವ ಚಟ ಹತ್ತಿತು. ಬಿಳಿಯರ ಸರಕಾರ ಕಾಲಿಡುವುದಕ್ಕೆ ಮೊದಲು ಆ ಒಳನಾಡು ಹೇಗಿತ್ತು ಎನ್ನಲು ಕಾಗದದಲ್ಲಿ ಸಿಗುವುದು ಹೆಚ್ಚಾಗಿ ಪಾದ್ರಿಗಳ ದಿನಚರಿಯೇ. ಧಣಿಯ ಮುತ್ತಜ್ಜ, ಅಂದರೆ ತಾಯಿಯ ಅಜ್ಜ, ಇದ್ದ ಊರಲ್ಲಿ ಎರಡು ವರ್ಷ ಬಿಡಾರ ಹೂಡಿದ್ದ ಒಬ್ಬನ ನೋಟುಬುಕ್ಕಿನ ಫೋಟೋ ಪ್ರತಿಗಳು ಯುರೋಪಿನಿಂದ ಬಂದವು. ಕೋಳಿ ಕೆದರಿದ ಹಾಗಿದ್ದ ಆ ಇಂಗ್ಲಿಷ್ ಅಕ್ಷರ ಓದಲು ಸಿಕ್ಕಿಬಿದ್ದವನು, ಮಂಗಳೂರಿನ ಪಾದ್ರಿಗಳ ಶಾಲೆಯಲ್ಲಿ ಕಾಪಿ ಬರೆದು ಬೆರಳು ಸವೆಸಿಕೊಂಡ ನಾನು.

ಅಬ್ಬಬ್ಬಾ, ಏನು ಇತಿಹಾಸಕಾರ! ಪಕ್ಕದ ಊರು ಸುಟ್ಟುಹೋಯಿತು, ಅರಸ ಓಡಿದ. ಇಷ್ಟಕ್ಕೆ ಒಂದೇ ಸಾಲು. ಅದರ ಕೆಳಗೆ ಒಂದೂವರೆ ಪುಟ ಹೊಟ್ಟೆಯ ಸಮಾಚಾರ. ಗುಡಿ ಕಾಣಲಿಲ್ಲ, ಮೂರ್ತಿ ಕಾಣಲಿಲ್ಲ, ಆದ್ದರಿಂದ ಇಲ್ಲಿಯ ಮೂಲನಿವಾಸಿಗಳಿಗೆ ದೇವರೇ ಇಲ್ಲ ಎಂದು ಮೂರನೆಯ ದಿನವೇ ತೀರ್ಪು ಕೊಟ್ಟಿದ್ದಾನೆ. ಅವರ ಭಾಷೆ ಕಲಿಯಲು ಕೂತದ್ದು ಐದನೆಯ ತಿಂಗಳಲ್ಲಿ.

ನಗಲು ನನಗೇನೂ ಹಕ್ಕಿಲ್ಲ ಬಿಡಿ. ನಮ್ಮ ಮನೆಯ ದೈವವನ್ನು ಇಂಥದೇ ಒಬ್ಬ ಪಾದ್ರಿ ಈ ಸೀಮೆಯಲ್ಲೇ ಅತಿ ಹಟಮಾರಿ ಸೈತಾನ ಎಂದು ಬರೆದನಂತೆ. ನಮ್ಮ ಚಿಕ್ಕಪ್ಪ ಆ ಪುಟಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಮನೆತನ ಹಳೆಯದು ಎನ್ನಲು ಪುರಾವೆ ಬೇಕಲ್ಲ! ಬೈಗುಳವಾದರೂ ಅಡ್ಡಿಯಿಲ್ಲ, ಬೈದವನು ಬಿಳಿಯನಾಗಿರಬೇಕು.

ಧಣಿಯೂ ಅದೇ ಪೈಕಿ. ಮುತ್ತಜ್ಜನ ಔದಾರ್ಯವನ್ನು ಪಾದ್ರಿ ಹೊಗಳಿದ ಸಾಲು ಸಿಕ್ಕ ದಿನ ಆಫೀಸಿಗೆಲ್ಲ ಹಲ್ವ ಹಂಚಿದರು. "ನೋಡು, ದೇವರಿಗೆ ಹೆದರುವ ಮನುಷ್ಯ. ಇಂಥವನು ಸುಳ್ಳು ಬರೆಯುವುದಿಲ್ಲ," ಎಂದರು.

ಗುರುವಾರ ಸಂಜೆ ಅವರ ಮನೆಯಲ್ಲಿ ಓದು. ನಾನು ಇಂಗ್ಲಿಷಿನಲ್ಲಿ ಓದುವುದು, ಧಣಿ ಅದನ್ನು ತಮ್ಮ ತಾಯಿಗೆ ಸ್ವಾಹಿಲಿಯಲ್ಲಿ ಹೇಳುವುದು. ಆಕೆಗೆ ಎಂಬತ್ತು ದಾಟಿತ್ತು. ಹುಟ್ಟಿ ಬೆಳೆದದ್ದು ಆಫ್ರಿಕದಲ್ಲೇ; ಕುರಾನ್ ಓದಬಲ್ಲರು, ಇಂಗ್ಲಿಷ್ ಅಕ್ಷರ ಬಾರದು. ಒಂದು ಗುರುವಾರ ಈ ಮಾತು ಬಂತು: ಪಾದ್ರಿಗೆ ಜ್ವರ, ಅರಬನ, ಅಂದರೆ ಮುತ್ತಜ್ಜನ, ಮನೆಯ ಹೆಂಗಸು, ಎರಡು ಥಾನು ಬಟ್ಟೆ ಕೊಟ್ಟು ಅವನು ಕೊಂಡು ತಂದ ಗುಲಾಮಳು, ಹತ್ತು ದಿನ ಗಂಜಿ ಕುಡಿಸಿ ಉಳಿಸಿದಳು.

ಧಣಿ ಇದನ್ನು ತಾಯಿಗೆ ಹೇಳದೆ ಕೈಬೀಸಿದರು. "ಮುಂದಿನ ಪುಟ, ಯಲ್ಲಾ, ಬೇಗ," ಎಂದರು. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೊರಗೆ ಹೋದರು.

"ಅವನು ಏನೋ ನುಂಗಿದ. ನೀನು ಹೇಳು," ಎಂದರು ಹಿರಿಯಮ್ಮ, ಆಫ್ರಿಕದ ಗುಜರಾತಿ ಅಂಗಡಿಗಳಲ್ಲಿ ಕಲಿತ ಹಿಂದಿಯಲ್ಲಿ.

ನಾನು ತಡವರಿಸುತ್ತ ಹೇಳಿದೆ. ಆಕೆ ಬೆಚ್ಚಲಿಲ್ಲ.

"ನಿಜವೇ. ಅವಳು ನನ್ನ ಅಪ್ಪನ ತಾಯಿ. ನನಗೆ ಜಡೆ ಹೆಣೆಯುತ್ತಿದ್ದವಳು. ಕೊಂಡವರು ಅವಳಿಗೆ ಬೇರೆ ಹೆಸರಿಟ್ಟರು. ಹೆತ್ತವಳು ಇಟ್ಟ ಹೆಸರನ್ನು ನನ್ನೊಬ್ಬಳ ಕಿವಿಯಲ್ಲಿ ಹೇಳಿದ್ದಾಳೆ. ನಾನು ಹೋದರೆ ಅದೂ ಹೋಯಿತು. ಪಾದ್ರಿ ಬರೆದಿದ್ದಾನಾ?"

"ಇಲ್ಲ, ಅಮ್ಮಾ."

"ಹತ್ತು ದಿನ ಗಂಜಿ ಕುಡಿದ, ಹೆಸರು ಕೇಳಲಿಲ್ಲ! ನೀನು ಬರಿ. ಅವಳ ಗಂಜಿಯ ಪಕ್ಕದಲ್ಲೇ ಬರಿ."

ಆ ಹೆಸರನ್ನು ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದರು. ಮರುದಿನವೇ ಪುಟದ ಅಡಿಯಲ್ಲಿ ಟೈಪ್ ಮಾಡಿದೆ. ಆರು ತಿಂಗಳಲ್ಲಿ ಮಾಡಿದ ಒಂದೇ ಮಾನದ ಕೆಲಸ ಎಂದು ಎದೆ ಉಬ್ಬಿತು. ಅಲ್ ಗುಬ್ರಾದ ನಮ್ಮ ಬಾಡಿಗೆ ಮನೆಯಲ್ಲಿ ಹೆಂಡತಿಗೆ ಹೇಳಿದರೆ ಅವಳು ಹಣೆ ಚಚ್ಚಿಕೊಂಡಳು. "ಎಂತ ಮಾರಾಯ್ರೆ, ಬೇರೆಯವರ ಅಜ್ಜಿಯ ಹೆಸರು ಕಟ್ಟಿಕೊಂಡು ನಿಮಗೆ ಎಂತ ಆಗ್ಬೇಕು? ಮಗಳ ಟ್ವೆಲ್ತ್ ಮುಗಿಯಲಿಕ್ಕೆ ಇನ್ನೂ ಒಂದು ವರ್ಷ ಉಂಟು!"

ಅವಳ ಲೆಕ್ಕವೇ ಸರಿಯಾಗಿತ್ತು. ಪುಟ ನೋಡಿದ ಧಣಿಯ ಮುಖ ಕಪ್ಪಿಟ್ಟಿತು. "ಈ ಪಾದ್ರಿಗಳು ಸುಳ್ಳಿನ ಮೂಟೆಗಳು! ಅದೂ ಜ್ವರದಲ್ಲಿ ಗೀಚಿದ್ದು. ಈ ಪುಟ ಖಲಾಸ್."

"ಸರ್, ತಾಯಿಯವರೇ ಹೇಳಿದ್ದು..."

ಧಣಿ ನಕ್ಕರು. "ನಿನ್ನ ರೆಸಿಡೆನ್ಸ್ ಕಾರ್ಡ್ ಯಾವಾಗ ಮುಗಿಯುವುದು?"

ಆ ತಿಂಗಳೇ ಮುಗಿಯುವುದಿತ್ತು; ಧಣಿ ಸಹಿ ಹಾಕದಿದ್ದರೆ ಸಂಸಾರ ಸಮೇತ ಊರಿಗೆ. ಅದು ಅವರಿಗೂ ಗೊತ್ತಿತ್ತು. ಬಾಲ ಮುದುಡಿಕೊಂಡು ಸೀಟಿಗೆ ಬಂದು ಹೆಂಗಸನ್ನೂ ಗಂಜಿಯನ್ನೂ ಹೆಸರನ್ನೂ ಅಳಿಸಿದೆ. ಪಾದ್ರಿ ಜ್ವರದಿಂದ ತಾನಾಗಿ ಬದುಕಿಕೊಂಡ ಹಾಗಾಯಿತು. ನನಗೆ ನಾಚಿಕೆಯಾಯಿತು, ಕಾರ್ಡ್ ರಿನ್ಯೂ ಆಯಿತು.

ದಿನಚರಿಯನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಪುಸ್ತಕ ಬಂತು. ಹಸಿರು ರಟ್ಟು, ಚಿನ್ನದ ಅಕ್ಷರ, ಎರಡು ಕೈಯಲ್ಲಿ ಎತ್ತುವಷ್ಟು ಭಾರ. ಹಿರಿಯಮ್ಮ ನನ್ನನ್ನು ಕರೆಸಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಕೇಳಿದರು: "ಎಲ್ಲಿ?"

ಧಣಿ ಎದುರಿನ ಸೋಫಾದಲ್ಲಿ ಕಾಫಿ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದರು. ಇಲ್ಲ ಅಮ್ಮಾ ಎಂದು ಎರಡು ಮಾತು ಹೇಳಬಹುದಿತ್ತು. ಕೈಗೆ ಸಿಕ್ಕ ಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟೆ. ಆಕೆ ತಮ್ಮ ಬೆರಳನ್ನು ತುಟಿಗೆ ಒತ್ತಿ, ಆ ಸಾಲಿನ ಉದ್ದಕ್ಕೂ ಸವರಿದರು. ಕಣ್ಣು ತುಂಬಿತ್ತು. "ನಿನ್ನ ಮಕ್ಕಳು ಚೆನ್ನಾಗಿರಲಿ," ಎಂದರು.

ಆ ಸಾಲಿನಲ್ಲಿ ಪಾದ್ರಿ ತನ್ನ ಬೂಟಿಗೆ ಎಣ್ಣೆ ಹಚ್ಚಿದ್ದನ್ನು ಬರೆದಿದ್ದ.