ಶಂಖ ಊದಿದ್ದರಿಂದಲ್ಲ

ಕಳೆದ ಶ್ರಾವಣದ ಎರಡನೆಯ ಶನಿವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಯಲಹಂಕದ ನಮ್ಮ ಬೀದಿಯ ಆಂಜನೇಯನ ಗುಡಿಯಲ್ಲಿ ಮಂಗಳಾರತಿಗೆ ಶಂಖ ಊದುತ್ತಿದ್ದಾಗ ನನಗೆ ತಲೆ ಸುತ್ತಿತು. ಬೀಳದಂತೆ ಹಿಡಿದುಕೊಂಡವನು ನವೀನ, ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳೆಯ. ಅಲ್ಲಿಯವರೆಗೆ ಒಂದು ಶನಿವಾರವನ್ನೂ ನಾನು ತಪ್ಪಿಸಿರಲಿಲ್ಲ. ಪ್ರತಿ ವಾರಕ್ಕೂ ಡೈರಿಯಲ್ಲಿ ಒಂದು ಗೀಟು ಇದೆ.

ಸೋಮವಾರ ಕ್ಲಿನಿಕ್ಕಿನಲ್ಲಿ ಎದೆಯ ಸದ್ದು ಕೇಳಿದ ವೈದ್ಯರು ಎಕೋ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು. ಹೃದಯದ ಒಂದು ಕವಾಟ ಸ್ವಲ್ಪ ಸೋರುತ್ತಿದೆ ಎಂದು ವರದಿ ಬಂತು. ಯಾಕೆಂದು ಅದರಲ್ಲಿ ಇರಲಿಲ್ಲ. ನಾನು ಹೇಳಿಕೊಂಡದ್ದು ನವೀನನೊಬ್ಬನಲ್ಲಿ.

"ಯಾರಿಗೂ ಹೇಳ್ಬೇಡ ಮಗಾ."

"ಹುಚ್ಚಾ, ನಾನ್ಯಾಕೋ ಹೇಳ್ಲಿ!"

ಮುಂದಿನ ಶನಿವಾರ ಹೋದರೆ ಶಂಖ ಅವನ ಕೈಯಲ್ಲಿತ್ತು. ಗುಡಿ ಸಮಿತಿಯ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. "ಊದಿ ಊದಿ ಹಾರ್ಟು ತೂತಾಗಿದ್ಯಂತಲ್ಲಪ್ಪ, ನವೀನ ಹೇಳ್ದ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ನೀನು ಪ್ರಸಾದ ಹಂಚು, ಸಾಕು."

ನವೀನ ನನ್ನ ಮುಖ ನೋಡಲಿಲ್ಲ. ಶಂಖದ ಮೇಲೆ ಅವನಿಗೆ ಎಂದಿನಿಂದ ಕಣ್ಣಿತ್ತೋ! ಆ ದಿನ ಸ್ವಾಮಿಗೂ ನಾನು ಕೈ ಮುಗಿಯಲಿಲ್ಲ. ನಿನಗಾಗಿ ಊದಿದವನ ಎದೆಯೇ ಸೋರಬೇಕೇ ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಕೊನೆಗೆ ಬೇಡಿದ್ದು ಇಷ್ಟೇ: ಗುಣ ಮಾಡು ಅನ್ನುವುದಿಲ್ಲ, ಕಾರಣ ತಿಳಿಸು.

ಹೃದಯ ತಜ್ಞರನ್ನು ಕಾಣಲು ಹೆಬ್ಬಾಳಕ್ಕೆ ಹೊರಟೆ. ಅಷ್ಟರಲ್ಲಿ ವಿಷಯ ಬೀದಿಗೆಲ್ಲ ಗೊತ್ತಾಗಿತ್ತು. ಬೇಡವೆಂದರೂ ಕೇಳದೆ ಅಮ್ಮ ನನ್ನ ಹಿಂದೆಯೇ ಬಸ್ ಹತ್ತಿದಳು. ಅವಳನ್ನು ಹತ್ತಿಸಿದವನು ಸ್ವಾಮಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

"ಶಂಖ ಊದಿದ್ರೆ ಕವಾಟ ಹಾಳಾಗಲ್ಲ ಕಣ್ರೀ," ಎಂದು ವೈದ್ಯೆ ನಕ್ಕರು. "ಅವತ್ತು ಉಪವಾಸ ಇದ್ರಾ? ತಲೆ ಸುತ್ತಿದ್ದು ಅದಕ್ಕಿರ್ಬೇಕು. ಕವಾಟ ಕೆಲವರಿಗೆ ಹುಟ್ಟಿನಿಂದ ಸಡಿಲ ಇರುತ್ತೆ, ಕೆಲವರಿಗೆ ವಯಸ್ಸಾದ್ಮೇಲೆ ಸವೆಯುತ್ತೆ. ನಿಮ್ಮದರಲ್ಲಿ ಹಳೇ ಗಾಯದ ಗುರುತಿದೆ. ಚಿಕ್ಕವರಿದ್ದಾಗ ಗಂಟಲು ನೋವು, ಆಮೇಲೆ ಜ್ವರ, ಕೀಲು ಊತ ಏನಾದ್ರೂ ಬಂದಿತ್ತಾ?"

ನನಗೆ ನೆನಪಿರಲಿಲ್ಲ. ಅಮ್ಮ ಬಾಯಿಬಿಟ್ಟಳು. "ಎರಡನೇ ಕ್ಲಾಸಲ್ಲಿ ಬಂದಿತ್ತು ಡಾಕ್ಟ್ರೇ. ಒಂದಿನ ಈ ಮಂಡಿ, ಇನ್ನೊಂದಿನ ಆ ಮಂಡಿ. ದೃಷ್ಟಿ ಅಂದ್ಕೊಂಡು ತಾಯತ ಕಟ್ಟಿಸ್ದೆ."

ಗಂಟಲಿನ ಸೋಂಕಿಗೆ ಔಷಧಿ ಕೊಡದೆ ಬಿಟ್ಟಿದ್ದರಿಂದ ಕವಾಟಕ್ಕೆ ಪೆಟ್ಟಾಗಿದೆ, ಆ ಜ್ವರ ಮತ್ತೆ ಬರದಂತೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಬೇಕು, ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು ಎಂದರು ವೈದ್ಯೆ.

"ಶಂಖ?"

"ಊದಿ. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಊದಿ."

ವಾಪಸ್ ಬಸ್ಸಿನಲ್ಲಿ ಕೇಳಿದೆ: "ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?"

"ವಾಸಿ ಆಯ್ತಲ್ಲ ಅಂತ ಮರ್ತೇ ಬಿಟ್ಟೆ ಕಣೋ," ಎಂದು ಅತ್ತಳು.

ವೈದ್ಯೆಯ ಮಾತು ತಿಳಿಸಿದ ಮೇಲೆ ಸಮಿತಿಯವರು ಶಂಖವನ್ನು ನನಗೇ ಕೊಟ್ಟರು. "ನಿನ್ ಒಳ್ಳೇದಕ್ಕೇ ಹೇಳಿದ್ದು ಗುರು," ಎಂದ ನವೀನ. ನಂಬಲಿಲ್ಲ, ಇಂದಿಗೂ ನಂಬಿಲ್ಲ. ಸ್ವಾಮಿಯನ್ನು ಮಾತ್ರ ಮೊದಲಿಗಿಂತ ಹೆಚ್ಚು ನಂಬಿದ್ದೇನೆ. ಕಾರಣ ಬೇಡಿದೆ, ಕಾರಣವನ್ನೇ ಕೊಟ್ಟ.

ಇನ್ನೊಂದು ಉಳಿದಿದೆ. ಆ ವರ್ಷ ನನ್ನ ಅಕ್ಕನಿಗೂ ಅದೇ ಗಂಟಲು ನೋವು ಬಂದಿತ್ತಂತೆ. ಅವಳ ಹೃದಯಕ್ಕೆ ಏನೂ ಆಗಿಲ್ಲ. ಒಂದೇ ಮನೆಯಲ್ಲಿ ನನಗೊಬ್ಬನಿಗೇ ಯಾಕೆ? ಬಲ್ಲ ಭಕ್ತರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ.