ಸೋಮಾರಿ ಮುಳ್ಳಿಗೆ ಕಾಂತರಾಜ್ ಮದ್ದು

ರಾಬರ್ಟ್‌ಸನ್‌ಪೇಟೆಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಕಾಂತರಾಜ್ ಆಗಲೇ ಹಳೆಯ ಬೈಕೊಂದರ ಸ್ಪೀಡೋಮೀಟರ್ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಹರವಿಕೊಂಡು ಕೂತಿದ್ದಾರೆ. ಇಷ್ಟು ಬೇಗ ಯಾಕೆಂದರೆ, "ಒತ್ತಾದ್ರೆ ಗಾಳಿ ಏಳ್ತದೆ ಸಾರ್. ಚಿನ್ನ ತೆಗ್ದು ಸುರಿದಿರೋ ಸೈನೈಡ್ ದಿಬ್ಬದ ಧೂಳೆಲ್ಲ ಇಲ್ಲಿಗೇ ಬತ್ತದೆ. ಈ ಸ್ಪ್ರಿಂಗ್ ಮ್ಯಾಲೆ ಒಂದು ಕಣ ಕೂತ್ರೂ ಕತೆ ಮುಗೀತು" ಎನ್ನುತ್ತಾರೆ. ಕೂದಲಿನಷ್ಟು ಸಣ್ಣ ಸುರುಳಿ ಅದು. ನಾನು ಉಸಿರು ಬಿಗಿಹಿಡಿದೇ ನೋಡುತ್ತೇನೆ.

ಬಂಗಾರಪೇಟೆ ಹತ್ತಿರದ ಹಳ್ಳಿಯ ರೈತರ ಮನೆಯವರು ಇವರು. ಅಣ್ಣತಮ್ಮಂದಿರು ಹಸು ಕಟ್ಟಿದರೆ, ಇವರು ಪೇಟೆಗೆ ಬಂದು ಕೈಗಡಿಯಾರ ರಿಪೇರಿ ಕಲಿತರು. ಮೊಬೈಲ್ ಬಂದದ್ದೇ ತಡ, ಗಡಿಯಾರ ತರುವವರೇ ಇಲ್ಲವಾದರು. ಅದೇ ಚಿಮಟ ಹಿಡಿದು ಬೈಕ್ ಮೀಟರ್‌ಗೆ ಕೈ ಹಾಕಿದರು. ದಿನಕ್ಕೆ ಎರಡೋ ಮೂರೋ ಬರುತ್ತವೆ, ಕೆಲವು ದಿನ ಒಂದೂ ಇಲ್ಲ. ಎಲ್ಲರೂ ಹೊಸ ಮೀಟರ್ ಹಾಕಿಸಿ ಎನ್ನುವ ಕಾಲದಲ್ಲಿ ಈ ಮನುಷ್ಯ ಹೇಗೆ ಉಳಿದುಕೊಂಡರೋ, ನನಗಂತೂ ಸೋಜಿಗ.

ಇವತ್ತಿನ ಮೀಟರ್ ಊರಿಗಾಂನ ವಿಜಯಕುಮಾರ್ ಅವರದು. ಚಿನ್ನದ ಗಣಿಯಲ್ಲಿ ಬಂಡೆ ಕೊರೆದವರು. ಕೊರೆಯುವ ಮಿಷನ್ ಸದ್ದಿಗೆ ಎರಡೂ ಕಿವಿ ಹೋಗಿವೆ. ಎಂಜಿನ್ ಸದ್ದು ಕೇಳದ ಅವರಿಗೆ ವೇಗ ತಿಳಿಯುವುದು ಮುಳ್ಳು ನೋಡಿಯೇ. ಆ ಮುಳ್ಳಿಗೀಗ ಸೋಮಾರಿತನ. ಬೈಕ್ ಜೋರಾದ ಎಷ್ಟೋ ಹೊತ್ತಿಗೆ ಅದು ಮೇಲೇಳುತ್ತದೆ. ಕಳೆದ ವಾರ, ನಿಧಾನವೇ ಇದ್ದೇನಲ್ಲ ಎಂದು ಆಕ್ಸಿಲರೇಟರ್ ತಿರುಗಿಸಿ, ಹಂಪ್ ಮೇಲೆ ಹಾರಿ ಬಿದ್ದರು. ಅಂದೇ ಮಗಳು ಅರ್ಚನ ಬೀಗದ ಕೈ ಕಿತ್ತುಕೊಂಡರು.

"ಇವತ್ತು ಸರಿ ಹೋಗ್ಲಿಲ್ಲ ಅಂದ್ರೆ ಗಾಡಿ ಮಾರ್‌ಬಿಡ್ತೀನಣ್ಣ. ನಂಗೆ ಅಪ್ಪ ಮುಖ್ಯ" ಎನ್ನುತ್ತಾರೆ, ತಂದೆಯನ್ನು ಕರೆದುಕೊಂಡು ಅಂಗಡಿಗೇ ಬಂದಿರುವ ಆಕೆ. ತಂದೆ ಮಗಳ ತುಟಿಯನ್ನೇ ನೋಡುತ್ತಿದ್ದಾರೆ. ಪಾಪ, ಪೂರ್ತಿ ಅರ್ಥವಾಗಿದೆ.

ಚಕ್ರದಿಂದ ಮೀಟರ್‌ಗೆ ಬರುವ ಕೇಬಲನ್ನು ಕಾಂತರಾಜ್ ಎಳೆದರೆ ಎಣ್ಣೆ ತೊಟ್ಟಿಕ್ಕುತ್ತದೆ. ದಿನಾ ಬಿಡ್ತೀರಾ ಎಂದು ಕೈಸನ್ನೆಯಲ್ಲೇ ಕೇಳುತ್ತಾರೆ.

"ಬಿಡ್ದೆ ಇರ್ತೀನಾಪ್ಪಾ! ಶಿಫ್ಟ್‌ಗೆ ಮುಂಚೆ ಮಿಷನ್‌ಗೆ ಎಣ್ಣೆ ಬಿಟ್ಟೇ ಕೈ ಹಾಕ್ಬೇಕು" ಎಂದು ವಿಜಯಕುಮಾರ್ ಎದೆ ಸೆಟೆಸುತ್ತಾರೆ.

ಆ ಎಣ್ಣೆಯೇ ಕೇಬಲ್ ಹಿಡಿದು ಮೀಟರ್ ಒಳಗೆ ಹತ್ತಿ, ಧೂಳು ಸೇರಿ ಅಂಟಾಗಿ ಮುಳ್ಳನ್ನು ಹಿಡಿದುಕೊಂಡಿದೆ. "ಗಣಿ ಮುಚ್ಚಿದ್ರೂ ಈಯಣ್ಣನ ಡ್ಯೂಟಿ ಮುಗ್ದಿಲ್ಲ ನೋಡಿ!" ಎಂದು ಕಾಂತರಾಜ್ ನಗುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ. ತೊಳೆದು, ಒರೆಸಿ, ಒಣಗಿಸಿ ಜೋಡಿಸುತ್ತಾರೆ.

ಟ್ರಯಲ್‌ಗೆ ತಾವು ಹೋಗುವುದಿಲ್ಲ, ಅದು ಇವರ ಪದ್ಧತಿ. "ಮುಳ್ಳು ನಾನ್ ನೋಡಿ ಏನ್ ಬಂತು? ಓಡ್ಸೋರ ಕಣ್ಣಿಗೆ ಒಪ್ಪಬೇಕು."

ಅರ್ಚನ ತಂದೆಯ ಹಿಂದೆ ಕೂರುತ್ತಾರೆ. ಬೈಕ್ ಮಾರಿಕುಪ್ಪಂ ಕಡೆ ತಿರುಗುತ್ತದೆ. ಇಷ್ಟು ಹೊತ್ತು ನಿರಾಳವಾಗಿದ್ದ ಕಾಂತರಾಜ್, ಒರೆಸಿದ ಸ್ಕ್ರೂಡ್ರೈವರನ್ನೇ ಮತ್ತೆ ಮತ್ತೆ ಒರೆಸುತ್ತಾರೆ.

ಇಬ್ಬರೂ ವಾಪಸ್ ಬರುತ್ತಾರೆ. "ಹಂಪ್ ಬರೋಕ್ ಮುಂಚೆ ಮುಳ್ಳು ನೋಡಿ ತಾವೇ ಸ್ಲೋ ಮಾಡಿದ್ರಣ್ಣ. ನಿಧಾನ ಅಂತ ನಾನು ಬೆನ್ನು ಮುಟ್ಲೂ ಇಲ್ಲ" ಎಂದ ಅರ್ಚನ, ಗಾಡಿಯ ಬೀಗದ ಕೈಯ ಜೊತೆ ತಮ್ಮ ಬ್ಯಾಗಿನಲ್ಲಿ ಎತ್ತಿಟ್ಟಿದ್ದ ಸ್ಪೇರ್ ಕೀಯನ್ನೂ ತೆಗೆದು ತಂದೆಯ ಜೇಬಿಗೆ ಹಾಕುತ್ತಾರೆ. ವಿಜಯಕುಮಾರ್ ಕಾಂತರಾಜ್ ಅವರ ಎರಡೂ ಕೈ ಹಿಡಿದು, ಬೀದಿಯೆಲ್ಲ ತಿರುಗಿ ನೋಡುವಂತೆ "ನಲ್ಲಾ ಇರುಪ್ಪಾ!" ಎಂದು ತಮಿಳಿನಲ್ಲಿ ಹರಸುತ್ತಾರೆ.

ಅವರು ಹೋದ ಮೇಲೆ, ನಿಮಗೇನಾಸೆ ಎಂದು ಕಾಂತರಾಜ್ ಅವರನ್ನು ಕೇಳುತ್ತೇನೆ.

"ಮೀಟ್ರು ಬಿಚ್ಚಿದ್ರೇನೇ ನನ್ ಕೆಲ್ಸ ಕಾಣೋದು ಸಾರ್. ನಾನ್ ಮುಚ್ಚಿದ್ ಮ್ಯಾಲೆ ಅದನ್ನ ಇನ್ಯಾರೂ ಬಿಚ್ಚೋ ಅಂಗಾಗ್ಬಾರ್ದು, ಅಷ್ಟೇ."